ಕೊಬ್ಬರಿ ಬಟ್ಟಲಿನಿಂದ ಉಗಿಬಂಡಿವರೆಗೆ: ವಿಮಾನ ಹತ್ತುವ ಮುನ್ನ ಗಂಟು ಕಟ್ಟುವುದು ಹೇಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯಿಂದ ಮೊದಲ ಸಲ ವಿಮಾನ ಹತ್ತುವವರು ಈಗ ಹೆಚ್ಚುತ್ತಿದ್ದಾರೆ. ಭದ್ರತಾ ತಪಾಸಣೆಯಲ್ಲಿ ಯಾವುದು ಹೋಗುತ್ತದೆ, ಯಾವುದು ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದರ ಪೂರ್ತಿ ವಿವರ ಇಲ್ಲಿದೆ.

"ಇದನ್ಯಾಕ ತಗದಿಡ್ತೀರಿ ಸಾಹೇಬ್ರ, ಇದು ಕೊಬ್ಬರಿ ಐತ್ರೀ."

ವಿಮಾನ ನಿಲ್ದಾಣವೊಂದರ ತಪಾಸಣೆ ಮೇಜಿನ ಮುಂದೆ ನಮ್ಮ ಚಿಗವ್ವ ಹೀಗೆ ಕೇಳಿದಾಗ ಎದುರಿಗಿದ್ದ ಸಿಬ್ಬಂದಿಗೆ ಕನ್ನಡ ಬರುತ್ತಿರಲಿಲ್ಲ. ಚಿಗವ್ವನಿಗೆ ಹಿಂದಿ ಬರುತ್ತಿರಲಿಲ್ಲ. ಮಗಳ ಬಾಣಂತನಕ್ಕೆ ಅಂಟಿನುಂಡಿ ಕಟ್ಟಬೇಕೆಂದು ಕೊಬ್ಬರಿ ಬಟ್ಟಲು, ಅಂಟು, ಗಸಗಸೆ, ಎಮ್ಮೆ ತುಪ್ಪ ಎಲ್ಲವನ್ನೂ ಒಂದೇ ಕೈಚೀಲದಲ್ಲಿ ಹಾಕ್ಕೊಂಡು ಬಂದಿದ್ದಳು. ಕೊಬ್ಬರಿ ಮತ್ತು ತುಪ್ಪ ಕಸದ ಡಬ್ಬಿಗೆ ಹೋದವು. ವಿಮಾನದಲ್ಲಿ ಕೂತ ಮೇಲೆ ಅವಳು ಒಂದೇ ಮಾತು ಹೇಳಿದಳು: "ನಾ ಏನೋ ಕಳುವು ಮಾಡಿದಂಗ ನೋಡಿದ್ರಲ್ಲೋ."

ಸಿಬ್ಬಂದಿ ನಿಯಮ ಪಾಲಿಸಿದರು, ಅದರಲ್ಲಿ ತಪ್ಪಿಲ್ಲ. ಆ ನಿಯಮ ಚಿಗವ್ವನಿಗೆ ಗೊತ್ತಾಗುವ ದಾರಿ ಇರಲಿಲ್ಲ, ತೊಂದರೆ ಇದ್ದದ್ದು ಅಲ್ಲಿ. ಟಿಕೆಟ್ಟಿನ ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವುದನ್ನು ನಮ್ಮೂರಲ್ಲಿ ಎಷ್ಟು ಜನ ಓದುತ್ತಾರೆ?

ಯಾವ ನಿಲ್ದಾಣ, ಯಾರ ನಿಯಮ?

ವಿಜಯಪುರದ ಹತ್ತಿರ ಬುರಣಾಪುರ–ಮದಭಾವಿ ಬಳಿ ವಿಮಾನ ನಿಲ್ದಾಣದ ಕೆಲಸ ಶುರುವಾದದ್ದು 2021ರಲ್ಲಿ. ಅದನ್ನು ನೆಚ್ಚಿಕೊಂಡು ಕೂರದೆ ನಮ್ಮ ಜನ ಸುತ್ತಲಿನ ನಿಲ್ದಾಣಗಳ ದಾರಿ ಹಿಡಿದಿದ್ದಾರೆ. ಸಿಂದಗಿಯವರಿಗೆ ಜೇವರ್ಗಿ ಮೇಲೆ ಕಲಬುರಗಿ. ಅಲ್ಲಿನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಇಂಡಿಯವರಿಗೆ ಸೊಲ್ಲಾಪುರ ಹತ್ತಿರ. ಮುದ್ದೇಬಿಹಾಳ, ಬಸವನಬಾಗೇವಾಡಿಯವರಿಗೆ ಹುಬ್ಬಳ್ಳಿ, ಬೆಳಗಾವಿ. ಹೊರದೇಶಕ್ಕಾದರೆ ಹೈದರಾಬಾದು ಇಲ್ಲವೇ ಬೆಂಗಳೂರು.

ಯಾವ ನಿಲ್ದಾಣಕ್ಕೆ ಹೋದರೂ ಭದ್ರತೆಯ ನಿಯಮ ಒಂದೇ. ಅದನ್ನು ಮಾಡುವುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್. 1976ರಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದರ ಅಪಹರಣವಾದ ಮೇಲೆ 1978ರಲ್ಲಿ ಇದು ಒಂದು ಘಟಕವಾಗಿ ಹುಟ್ಟಿತು. 1985ರ ಕನಿಷ್ಕ ವಿಮಾನ ಸ್ಫೋಟದ ನಂತರ, 1987ರಲ್ಲಿ ಸ್ವತಂತ್ರ ಇಲಾಖೆಯಾಯಿತು. 1999ರ ಕಂದಹಾರ್ ಅಪಹರಣದ ಮರುವರ್ಷದಿಂದ ನಿಲ್ದಾಣಗಳ ತಪಾಸಣೆಗೆ ಸಿಐಎಸ್‌ಎಫ್ ಪಡೆ ಬರತೊಡಗಿತು. ದ್ರವ ಪದಾರ್ಥದ ಮೇಲಿನ ಬಿಗಿ ಬಂದದ್ದು 2006ರ ಆಗಸ್ಟಿನಲ್ಲಿ, ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ಒಯ್ಯುವ ಸಂಚೊಂದು ಲಂಡನ್ನಿನಲ್ಲಿ ಬಯಲಾದಾಗ. ಅಂದರೆ ಒಂದೊಂದು ನಿಯಮದ ಹಿಂದೆಯೂ ಒಂದೊಂದು ದುರಂತವಿದೆ, ಇಲ್ಲವೇ ಕೂದಲೆಳೆಯಲ್ಲಿ ತಪ್ಪಿದ ದುರಂತವಿದೆ.

ಬಿಸಿಎಎಸ್ ನಿಯಮದ ಮೇಲೆ ಆಯಾ ವಿಮಾನ ಕಂಪನಿಯ ನಿಯಮವೂ ಇರುತ್ತದೆ. ಒಂದು ಕಂಪನಿ ಬಿಡುವುದನ್ನು ಇನ್ನೊಂದು ಬಿಡದಿರಬಹುದು. ಹಾಗಾಗಿ "ಹ್ವಾದ ಸಲ ಬಿಟ್ಟಿದ್ರಲ್ರೀ" ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಎರಡು ಚೀಲ, ಎರಡು ಲೆಕ್ಕ

ವಿಮಾನದೊಳಗೆ ನಿಮ್ಮ ಜೊತೆಗೇ ಬರುವುದು ಕೈಚೀಲ. ದೇಶದೊಳಗಿನ ಪ್ರಯಾಣದಲ್ಲಿ ಇದಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಕೌಂಟರಿನಲ್ಲಿ ತೂಕ ಮಾಡಿಸಿ ಕೊಡುವುದು ಚೆಕ್‌ಇನ್ ಬ್ಯಾಗ್. ಇದು ವಿಮಾನದ ಹೊಟ್ಟೆಯಲ್ಲಿ ಹೋಗುತ್ತದೆ, ಸಾಮಾನ್ಯ ಟಿಕೆಟ್ಟಿಗೆ ಹೆಚ್ಚಾಗಿ 15 ಕಿಲೋ.

ಮೂರು ಮಾತು ನೆನಪಿಟ್ಟರೆ ಮುಕ್ಕಾಲು ಪಾಲು ಗೊಂದಲ ತೀರುತ್ತದೆ. ಚುಚ್ಚುವ, ಕೊಯ್ಯುವ, ಹೊಡೆಯುವ ಸಾಮಾನು ಕೈಚೀಲದಲ್ಲಿ ಬೇಡ, ಚೆಕ್‌ಇನ್ ಬ್ಯಾಗಿನಲ್ಲಿ ಹಾಕಿ. ಬ್ಯಾಟರಿ ಇದರ ಉಲ್ಟಾ: ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಹೊತ್ತಿಕೊಳ್ಳುವ ಪದಾರ್ಥ ಎರಡರಲ್ಲೂ ಬೇಡ.

ತಪಾಸಣೆ ಯಂತ್ರದೊಳಗೆ ಚೀಲ ಹೋದಾಗ ಪರದೆಯ ಮೇಲೆ ಬಣ್ಣಬಣ್ಣದ ನೆರಳು ಮೂಡುತ್ತದೆ. ರೊಟ್ಟಿ, ಬಟ್ಟೆ, ಪುಸ್ತಕದಂಥವು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ, ಲೋಹ ನೀಲಿಯಾಗಿ. ಎಕ್ಸ್‌ರೇ ದಾಟಲಾಗದಷ್ಟು ದಪ್ಪ ಲೋಹವಾದರೆ ಕಪ್ಪು ಗಡ್ಡೆ. ಕಪ್ಪು ಕಂಡರೆ ಚೀಲ ಬಿಚ್ಚಿಸುತ್ತಾರೆ. ನಿಮ್ಮ ಮೇಲಿನ ಅನುಮಾನಕ್ಕಿಂತ, ಯಂತ್ರಕ್ಕೆ ಒಳಗೇನಿದೆ ಎಂದು ಕಾಣದೇ ಹೋದದ್ದೇ ಅದಕ್ಕೆ ಕಾರಣ. ಸ್ಟೀಲ್ ಡಬ್ಬಿಯೊಳಗೆ ಸ್ಟೀಲ್ ಡಬ್ಬಿ ಇಟ್ಟು ಅದರೊಳಗೆ ಹಿಂಡಿ ತುಂಬುವ ನಮ್ಮ ಪದ್ಧತಿ ಇಲ್ಲಿ ತ್ರಾಸು ಕೊಡುತ್ತದೆ. ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು.

ಅಡುಗೆಮನೆಯಿಂದ ಹೊರಟದ್ದು

*ರೊಟ್ಟಿ, ಹೋಳಿಗೆ, ಉಂಡಿ:* ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕರದಂಟು, ಒಣದ್ರಾಕ್ಷಿಗೆ ದೇಶದೊಳಗೆ ಅಡ್ಡಿಯಿಲ್ಲ. ಕಡಕ್ ರೊಟ್ಟಿಯನ್ನು ಕೈಯಲ್ಲೇ ಒಯ್ಯಿರಿ. ಚೆಕ್‌ಇನ್ ಬ್ಯಾಗಿನಲ್ಲಿ ಹಾಕಿದರೆ ಇಳಿಯುವ ಹೊತ್ತಿಗೆ ಪುಡಿಯಾಗಿರುತ್ತದೆ.

*ಒಣಕೊಬ್ಬರಿ:* ಎಲ್ಲರೂ ಎಡವುವುದು ಇಲ್ಲಿಯೇ. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆಯೇ ಇದೆ. ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗ ಅದು. ಕೊಬ್ಬರಿಯ ಎಣ್ಣೆ ಗಾಳಿಯೊಂದಿಗೆ ಬೆರೆತು ನಿಧಾನಕ್ಕೆ ಬಿಸಿಯಾಗುತ್ತದೆ. ರಾಶಿಯಾಗಿ, ಗಾಳಿಯಾಡದ ಜಾಗದಲ್ಲಿ, ತುಸು ಹಸಿಯಿದ್ದರೆ ಆ ಕಾವು ಹೊರಹೋಗದೆ ಏರುತ್ತಾ ಹೋಗುತ್ತದೆ. ಹೊಟ್ಟಿನ ಬಣವಿ ಒಳಗಿಂದೊಳಗೇ ಕಾಯ್ದು ಹೊತ್ತಿದ್ದನ್ನು ನೋಡಿದ ರೈತರಿಗೆ ಇದು ಹೊಸದಲ್ಲ. ಆದ್ದರಿಂದ ಕೈಚೀಲದಲ್ಲಿ ಕೊಬ್ಬರಿ ಬೇಡವೇ ಬೇಡ. ಇಡೀ ಬಟ್ಟಲನ್ನು ಚೆಕ್‌ಇನ್‌ನಲ್ಲೂ ಬಿಡದ ಕಂಪನಿಗಳಿವೆ. ಸಣ್ಣ ತುಂಡು ಮಾಡಿದ್ದನ್ನು ಚೆಕ್‌ಇನ್‌ನಲ್ಲಿ ಬಿಡುವವರೂ ಇದ್ದಾರೆ. ಮೊದಲೇ ಕೇಳಿ. ಬೆಂಗಳೂರಿಗೆ ಹೊರಟಿದ್ದರೆ ಅಷ್ಟು ದೂರ ಕೊಬ್ಬರಿ ಹೊರುವ ಅಗತ್ಯವೂ ಇಲ್ಲ, ಕೊಬ್ಬರಿಗೆ ಹೆಸರಾದ ತಿಪಟೂರು ಅಲ್ಲಿಂದ ದೂರವಿಲ್ಲ. ಇಲ್ಲವೇ ಊರಲ್ಲೇ ಉಂಡಿ ಕಟ್ಟಿಕೊಂಡು ಹೋಗಿ.

*ತೆಂಗಿನಕಾಯಿ:* ಇದಕ್ಕೂ ಕೈಚೀಲದಲ್ಲಿ ನಿರ್ಬಂಧವಿದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶಬರಿಮಲೆ ಯಾತ್ರಿಕರ ಇರುಮುಡಿಯಲ್ಲಿನ ಕಾಯಿಗೆ 2025ರ ಜನವರಿ 20ರವರೆಗೆ ವಿನಾಯಿತಿ ಕೊಟ್ಟಿತು. ಅದು ಆ ಹಂಗಾಮಿಗೆ, ಆ ಯಾತ್ರಿಕರಿಗೆ ಕೊಟ್ಟದ್ದು. ಬೇರೆ ದೇವರ ಪ್ರಸಾದಕ್ಕೆ ಅದನ್ನೇ ತೋರಿಸಿ ವಾದಿಸಲಾಗದು.

*ತುಪ್ಪ, ಎಣ್ಣೆ, ಉಪ್ಪಿನಕಾಯಿ, ರಂಜಕ:* ಚೆಕ್‌ಇನ್ ಬ್ಯಾಗಿಗೆ ಹಾಕಿ. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಸುತ್ತ ಬಟ್ಟೆ ತುಂಬಿ. ಎಷ್ಟು ಕಿಲೋವರೆಗೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಎಣ್ಣೆ ಸೋರಿದ ಬ್ಯಾಗನ್ನು ಕೌಂಟರಿನಲ್ಲೇ ವಾಪಸ್ ಮಾಡಬಹುದು.

*ಖಾರದ ಪುಡಿ, ಹಿಂಡಿ:* ಖಾರದ ಪುಡಿ ಕಣ್ಣಿಗೆ ಎರಚಬಹುದಾದ ವಸ್ತು, ಕೈಚೀಲದಲ್ಲಿ ಬಿಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯೂ ಕೆಂಪು ಪುಡಿಯಂತೆಯೇ ಕಾಣುವುದರಿಂದ ಚೆಕ್‌ಇನ್ ಬ್ಯಾಗಿನಲ್ಲೇ ಇರಲಿ.

*ಕರ್ಪೂರ, ಕಡ್ಡಿಪೆಟ್ಟಿಗೆ, ಲೈಟರ್:* ಎರಡೂ ಚೀಲದಲ್ಲಿ ಬೇಡ. ಕರ್ಪೂರವೂ ಹೊತ್ತಿಕೊಳ್ಳುವ ಘನವಸ್ತುಗಳ ಪಟ್ಟಿಯಲ್ಲಿದೆ. ಪೂಜೆ ಸಾಮಾನಿನ ಚೀಲವನ್ನು ಹೊರಡುವ ಮುನ್ನ ಒಮ್ಮೆ ಝಾಡಿಸಿ ನೋಡಿ.

ಹೊರದೇಶಕ್ಕೆ ಹೊರಟರೆ ಲೆಕ್ಕ ಬೇರೆ

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದ ದ್ರವ, ಪೇಸ್ಟ್, ಜೆಲ್ ಎಲ್ಲವೂ 100 ಮಿಲಿ ಮೀರದ ಬಾಟಲಿಗಳಲ್ಲಿರಬೇಕು, ಆ ಬಾಟಲಿಗಳು ಒಂದು ಲೀಟರ್ ಹಿಡಿಯುವ ಪಾರದರ್ಶಕ ಚೀಲದಲ್ಲಿರಬೇಕು. ಮೊಸರು, ಚಟ್ನಿ ಕೂಡ ಈ ಲೆಕ್ಕಕ್ಕೆ ಬರುತ್ತವೆ. ಮಗುವಿನ ಹಾಲು, ವೈದ್ಯರ ಚೀಟಿ ಇರುವ ಔಷಧಿಗೆ ವಿನಾಯಿತಿ ಇದೆ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ ಪುಡಿಗೂ ಲೆಕ್ಕ ಬಂದಿದೆ: ಕೈಚೀಲದಲ್ಲಿ 350 ಮಿಲಿ ಅಳತೆಗಿಂತ ಹೆಚ್ಚು ಪುಡಿ ಇದ್ದರೆ ಹೆಚ್ಚುವರಿ ತಪಾಸಣೆ.

ಭದ್ರತೆ ದಾಟಿದರೆ ಮುಗಿಯಲಿಲ್ಲ, ಇಳಿದ ದೇಶದ ಕಸ್ಟಮ್ಸ್ ಇದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆ ಹೆಮ್ಮೆಯಿಂದ ಮಗನಿಗೆಂದು ಎರಡು ಡಜನ್ ಹಸಿ ಲಿಂಬೆ ಅಮೆರಿಕಕ್ಕೆ ಒಯ್ದರೆ ಅಲ್ಲಿ ಬಿಡುವುದಿಲ್ಲ. ಹಣ್ಣಿನ ಜೊತೆ ಗಿಡದ ರೋಗ, ಹುಳ ಬರುತ್ತದೆಂಬ ಭಯ ಅವರಿಗೆ. ಯುರೋಪಿನ ಒಕ್ಕೂಟದ ದೇಶಗಳೂ ಪ್ರಮಾಣಪತ್ರವಿಲ್ಲದ ಹಸಿ ಲಿಂಬೆ ಒಪ್ಪುವುದಿಲ್ಲ; ಹಾಲಿನ ಪದಾರ್ಥವೂ ಅಲ್ಲಿ ನಿಷಿದ್ಧ, ಪೇಡೆ, ಖೋವಾ ಒಯ್ಯಬೇಡಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಆಹಾರ ತಂದಿದ್ದರೆ ಫಾರ್ಮಿನಲ್ಲಿ ಬರೆಯಲೇಬೇಕು. ಬರೆದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಗಲ್ಫ್ ದೇಶಗಳಿಗೆ ಹೊರಟವರಿಗೆ. ಗಸಗಸೆ ಒಯ್ಯಬೇಡಿ. ಯುಎಇ, ಸೌದಿ ಅರೇಬಿಯಾಗಳಲ್ಲಿ ಅದು ಮಾದಕವಸ್ತುವಿನ ಕಾನೂನಿನಡಿ ನಿಷಿದ್ಧ. ನಮಗೆ ಪಾಯಸದ ಸಾಮಾನು, ಅವರಿಗೆ ಅಫೀಮು ಗಿಡದ ಬೀಜ. ಉಂಡಿಯ ಮೇಲೆ ಉದುರಿಸಿದ್ದೂ ಬೇಡ. ಕೆಲಸಕ್ಕೆಂದು ಸಾಲ ಮಾಡಿ ಹೋದ ಹುಡುಗ ಅವ್ವ ಕಟ್ಟಿಕೊಟ್ಟ ಡಬ್ಬಿಯಿಂದಾಗಿ ಜೈಲು ಕಾಣುವಂತಾಗಬಾರದು. ಊರಿನವರು ಯಾರಿಗೋ ಕೊಡಲು ಕಳಿಸಿದ ಗಂಟನ್ನು ಬಿಚ್ಚಿ ನೋಡದೆ ಒಯ್ಯುವುದೂ ಬೇಡ. "ನಮ್ಮವ್ರ ಕೊಟ್ಟಾರ" ಎಂಬ ಸಮಜಾಯಿಷಿ ಅಲ್ಲಿ ಕೇಳುವವರಿಲ್ಲ. ಗಂಟು ಯಾರ ಕೈಯಲ್ಲಿದೆಯೋ ಜವಾಬ್ದಾರಿ ಅವರದೇ.

ಇಷ್ಟಲಿಂಗ, ಕರಡಿಗೆ, ಊರುಗೋಲು

ಬಸವಣ್ಣನವರು ಹುಟ್ಟಿದ ನೆಲದ ಜನಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ. ಬೆಳ್ಳಿಯ ಕರಡಿಗೆ ಲೋಹಶೋಧಕದಲ್ಲಿ ಸದ್ದು ಮಾಡುತ್ತದೆ, ಅದು ಸಹಜ. ಸದ್ದಾದ ಮೇಲೆ ಗಾಬರಿಯಿಂದ ಕೈ ಅಡ್ಡ ಹಿಡಿದರೆ ಅನುಮಾನ ಹೆಚ್ಚುತ್ತದೆ. ಸದ್ದಾಗುವ ಮೊದಲೇ ಹೇಳಿ: "ಕೊರಳಲ್ಲಿ ಇಷ್ಟಲಿಂಗ ಇದೆ, ಬೆಳ್ಳಿಯದು." ಬಿಚ್ಚಿ ತೋರಿಸಬೇಕೆಂದರೆ ನೀವೇ ಬಿಚ್ಚಿ ತೋರಿಸುತ್ತೇನೆ ಎನ್ನಿ, ಎಲ್ಲರೆದುರು ಬೇಡವಾದರೆ ಮರೆಯ ಜಾಗ ಕೇಳಿ. ಹೆಣ್ಣುಮಕ್ಕಳ ತಪಾಸಣೆ ಹೇಗೂ ಪರದೆಯ ಒಳಗೆ, ಮಹಿಳಾ ಸಿಬ್ಬಂದಿಯಿಂದಲೇ ನಡೆಯುತ್ತದೆ.

ನಂಬಿಕೆ ಮತ್ತು ಭದ್ರತೆ ಹೊಂದಿಕೊಂಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಸಿಖ್ಖರ ಕಿರ್ಪಾಣಕ್ಕೆ ದೇಶದೊಳಗಿನ ವಿಮಾನಗಳಲ್ಲಿ ಅವಕಾಶವಿದೆ: ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು. ಅಳತೆ ಬರೆದಿಟ್ಟದ್ದರಿಂದ ಮೇಜಿನ ಮುಂದೆ ಜಗಳಕ್ಕೆ ಜಾಗವಿಲ್ಲ.

ಹಿರಿಯರ ಊರುಗೋಲನ್ನು ಪರೀಕ್ಷಿಸಿ ಬಿಡುತ್ತಾರೆ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ.

ಹೊಲದ ಸಾಮಾನು

ಕುಡಗೋಲು, ಈಳಿಗೆ, ಕತ್ತರಿ, ಸ್ಕ್ರೂಡ್ರೈವರ್, ಕ್ರಿಕೆಟ್ ಬ್ಯಾಟು ಚೆಕ್‌ಇನ್ ಬ್ಯಾಗಿಗೆ. ಅಲಗಿಗೆ ದಪ್ಪ ರಟ್ಟು ಸುತ್ತಿ; ಬ್ಯಾಗ್ ಬಿಚ್ಚುವವರ ಕೈಗೆ ತಾಗಬಾರದು. ಕೀಟನಾಶಕ ಎರಡರಲ್ಲೂ ನಿಷಿದ್ಧ. ಪೆಟ್ರೋಲಿನಿಂದ ನಡೆಯುವ ಸ್ಪ್ರೇ ಪಂಪು ಬಳಸಿದ್ದಾದರೆ, ಟ್ಯಾಂಕು ಖಾಲಿಯಿದ್ದರೂ ವಾಸನೆ ಬಂದರೆ ಸಾಕು, ತಡೆಯುತ್ತಾರೆ. ಇಂಥದ್ದಕ್ಕೆ ಪಾರ್ಸೆಲ್ ಲಾರಿಯೇ ಸರಿ.

ಕಠಿಣ ಪರೀಕ್ಷೆ: ಉಗಿಬಂಡಿಯ ಮಾದರಿ

ಹೋಟಗಿಯಿಂದ ಗದಗಿಗೆ, ಇಂಡಿ ರೋಡ್, ವಿಜಯಪುರ, ಬಸವನಬಾಗೇವಾಡಿ ರೋಡ್ ಮೇಲೆ ಹೋಗುವ ರೈಲುಮಾರ್ಗ 1884ರ ಹೊತ್ತಿನದು. ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್‌ಗೇಜ್. ಅದು ಪೂರ್ತಿ ಬ್ರಾಡ್‌ಗೇಜ್ ಆದದ್ದು 2008ರಲ್ಲಿ. ಹಾಗಾಗಿ ಕಪ್ಪು ಎಂಜಿನ್ನಿನ ಹೊಗೆ, ಸಿಳ್ಳು ಕಂಡು ಕೇಳಿದವರು ನಮ್ಮ ಕಡೆ ಇನ್ನೂ ಇದ್ದಾರೆ. ಶಾಲೆಯ ವಿಜ್ಞಾನ ಮೇಳದಲ್ಲಿ ಯಾರಾದರೂ ಹುಡುಗರು ನಿಜವಾಗಿ ಓಡುವ ಉಗಿಬಂಡಿಯ ಮಾದರಿ ಮಾಡಿ, ಇನ್‌ಸ್ಪೈರ್ ಅವಾರ್ಡ್‌ನಂಥ ಸ್ಪರ್ಧೆಗೆ ದಿಲ್ಲಿಗೆ ವಿಮಾನದಲ್ಲಿ ಹೊರಟರು ಎಂದುಕೊಳ್ಳಿ. ಮೇಲೆ ಹೇಳಿದ ಎಲ್ಲ ನಿಯಮಗಳೂ ಆ ಒಂದು ಪೆಟ್ಟಿಗೆಯಲ್ಲಿ ಕೂಡಿ ಬರುತ್ತವೆ.

ಮೊದಲು ಎರಡು ಬಗೆ ಬೇರೆ ಮಾಡೋಣ. ಕರೆಂಟಿನಿಂದ ಓಡುವ, ನೋಡಲಷ್ಟೇ ಉಗಿಬಂಡಿಯಂತಿರುವ ಆಟಿಗೆಗೆ ತೊಂದರೆಯಿಲ್ಲ. ನಿಜವಾಗಿ ನೀರು ಕುದಿಸಿ ಓಡುವ ಮಾದರಿಯದೇ ಪ್ರಶ್ನೆ. ಜಗತ್ತಿನಲ್ಲಿ ಹವ್ಯಾಸಿಗಳು ಇಂಥವನ್ನು ಹೆಚ್ಚಾಗಿ 45 ಮಿಲಿಮೀಟರ್ ಹಳಿಯ ಮೇಲೆ ಓಡಿಸುತ್ತಾರೆ, 22.5ಕ್ಕೆ ಒಂದರ ಅಳತೆಯಲ್ಲಿ ಅದು ನಮ್ಮ ಹಳೆಯ ಮೀಟರ್‌ಗೇಜಿಗೆ ಸರಿಹೊಂದುತ್ತದೆ. ಒಳಗೆ ತಾಮ್ರದ ಬಾಯ್ಲರ್, ಹಿತ್ತಾಳೆಯ ಸಿಲಿಂಡರ್, ಕೊಳವೆ, ವಾಲ್ವು, ಒತ್ತಡದ ಮೀಟರ್. ಎಕ್ಸ್‌ರೇಯಲ್ಲಿ ಇದು ಹೇಗೆ ಕಾಣಬಹುದು ಊಹಿಸಿ: ಮುಚ್ಚಿದ ಲೋಹದ ಕೊಳವೆ, ಅದಕ್ಕೆ ಅಂಟಿದ ಪೈಪುಗಳು. ಬಾಂಬ್ ಹೇಗಿರುತ್ತದೆಂದು ಕಲಿತ ಕಣ್ಣಿಗೆ ಇದು ಅನುಮಾನ ಹುಟ್ಟಿಸದೇ ಇರದು.

ಮಾಡಬೇಕಾದದ್ದು ಇಷ್ಟು:

1. ಇಂಧನ ಮನೆಯಲ್ಲೇ ಬಿಡಿ. ಬ್ಯೂಟೇನ್ ಗ್ಯಾಸಿನ ಡಬ್ಬಿ, ಸ್ಪಿರಿಟ್, ಇಂಧನದ ಬಿಲ್ಲೆ ಎರಡೂ ಚೀಲದಲ್ಲಿ ನಿಷಿದ್ಧ. ಮುಟ್ಟಿದ ಊರಲ್ಲಿ ಕೊಳ್ಳಿ.
2. ಬಾಯ್ಲರಿನ ನೀರು ಬಸಿದು, ಮುಚ್ಚಳ ತೆಗೆದು ಒಂದೆರಡು ದಿನ ಒಣಗಿಸಿ. ಎಣ್ಣೆ ಒರೆಸಿ. ಗ್ಯಾಸ್ ಟ್ಯಾಂಕು, ಸ್ಪಿರಿಟ್ ದೀಪ ತೊಳೆದು ವಾಸನೆ ಹೋಗುವವರೆಗೆ ಗಾಳಿಗಿಡಿ. ಹೊಸ ದೀಪ ಅಲ್ಲೇ ಕೊಳ್ಳುವುದಾದರೆ ಇನ್ನೂ ಒಳ್ಳೆಯದು.
3. ಬಾಯ್ಲರಿನ ಮುಚ್ಚಳ ಬಿಚ್ಚಿಟ್ಟೇ ಒಯ್ಯಿರಿ. ಒಳಗೆ ಏನೂ ಇಲ್ಲವೆಂದು ಟಾರ್ಚ್ ಬಿಟ್ಟು ತೋರಿಸಲು ಬರಬೇಕು.
4. ಮೊಳೆ ಹೊಡೆದ ಪೆಟ್ಟಿಗೆ ಬೇಡ. ಸ್ಪ್ಯಾನರ್ ಇಲ್ಲದೆ ತೆರೆಯುವಂತಿರಲಿ. ಸ್ಪ್ಯಾನರು ಚೆಕ್‌ಇನ್ ಬ್ಯಾಗಿನಲ್ಲಿ.
5. ಮಾದರಿ ಓಡುತ್ತಿರುವ ಫೋಟೋ, ವಿಡಿಯೋ ಮೊಬೈಲಿನಲ್ಲಿರಲಿ. ಶಾಲೆಯ ಮುಖ್ಯೋಪಾಧ್ಯಾಯರ ಪತ್ರ ಇಂಗ್ಲಿಷಿನಲ್ಲಿ ಜೊತೆಗಿರಲಿ.
6. ಹೊರಡುವ ಮೊದಲು ವಿಮಾನ ಕಂಪನಿಗೆ ಇಮೇಲ್ ಬರೆದು ಉತ್ತರದ ಪ್ರತಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಆದರೂ ಕೊನೆಯ ಮಾತು ತಪಾಸಣೆ ಅಧಿಕಾರಿಯದು. ಹಾಗಾಗಿ ಒಂದು ತಾಸು ಹೆಚ್ಚು ಸಮಯ ಇಟ್ಟುಕೊಳ್ಳಿ. ಸಾಮಾನು ನಾಜೂಕಿನದು, ಕೈಚೀಲವೇ ಕ್ಷೇಮ; ಭಾರ ಮೀರಿದರೆ ಮಾತ್ರ ಬಟ್ಟೆಯ ನಡುವೆ ಹುದುಗಿಸಿ ಚೆಕ್‌ಇನ್ ಮಾಡಿ. ಅಲ್ಲಿಗೂ ಆಗದಿದ್ದರೆ ರೈಲು ಇದ್ದೇ ಇದೆ. ರೈಲುಬಂಡಿಯ ಮಾದರಿ ರೈಲಿನಲ್ಲೇ ಹೋದರೆ ಅವಮಾನವೇನಿಲ್ಲ.

ಬ್ಯಾಟರಿಯ ಲೆಕ್ಕ

ಲಿಥಿಯಂ ಬ್ಯಾಟರಿ ಹೊತ್ತಿದರೆ ವಿಮಾನದ ಹೊಟ್ಟೆಯಲ್ಲಿ ಆರಿಸುವವರಿಲ್ಲ; ಕೈಚೀಲದಲ್ಲಿದ್ದರೆ ಸಿಬ್ಬಂದಿ ನೋಡಿ ಆರಿಸಬಹುದು. ನಿಯಮದ ಕಾರಣ ಇದು. 100 ವ್ಯಾಟ್-ಅವರ್‌ವರೆಗೆ ಪರವಾನಗಿ ಬೇಡ, 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೇಲೆ ನಿಷಿದ್ಧ. ಪವರ್ ಬ್ಯಾಂಕಿನ ಮೇಲೆ 20000 ಎಂಎಎಚ್ ಎಂದಿದ್ದರೆ ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಅಕ್ಷರ ಅಳಿಸಿಹೋದ ಪವರ್ ಬ್ಯಾಂಕನ್ನು ತೆಗೆದಿಟ್ಟಾರು; ಹೊಸದು ಒಯ್ಯಿರಿ.

ತಡೆದರೆ ಏನು ಮಾಡಬೇಕು?

ಸಿಟ್ಟು ಮಾಡಬೇಡಿ, ತಮಾಷೆಯಂತೂ ಬೇಡವೇ ಬೇಡ. "ಬಾಂಬ್ ಐತೇನ್ರಿ ಇದರಾಗ?" ಎಂಬ ನಗೆಮಾತಿಗೂ ಪೊಲೀಸ್ ಕೇಸು ಆಗಬಹುದು. ಯಾವ ಕಾರಣಕ್ಕೆ ತಡೆದಿರಿ ಎಂದು ಕೇಳಿ. ಒಪ್ಪಿಗೆಯಾಗದಿದ್ದರೆ ಮೇಲಿನ ಅಧಿಕಾರಿಯನ್ನು ಕರೆಯಲು ವಿನಂತಿಸಿ. ಚೆಕ್‌ಇನ್‌ನಲ್ಲಿ ಹೋಗಬಹುದಾದ ವಸ್ತುವಾದರೆ ಹಿಂದಿರುಗಿ ಕೌಂಟರಿನಲ್ಲಿ ಕೊಡಲು ಕೇಳಬಹುದು. ಬಹುತೇಕ ಕಂಪನಿಗಳ ಕೌಂಟರು ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ ಎಂಬುದು ನೆನಪಿರಲಿ. ಕಳಿಸಲು ಬಂದವರನ್ನು ನೀವು ತಪಾಸಣೆ ದಾಟುವವರೆಗೆ ಹೊರಗೆ ನಿಲ್ಲಲು ಹೇಳಿ. ವಾಪಸ್ಸಾದ ಡಬ್ಬಿ ಕಸಕ್ಕೆ ಹೋಗುವ ಬದಲು ಮನೆಗೆ ಹೋಗುತ್ತದೆ. ನಡವಳಿಕೆಯ ದೂರಿಗೆ 2016ರಲ್ಲಿ ಶುರುವಾದ ಸರ್ಕಾರದ ಏರ್‌ಸೇವಾ ಆ್ಯಪ್ ಇದೆ.

ನಿಯಮ ಕನ್ನಡದಲ್ಲಿರಲಿ

ವಿಮಾನ ನಿಲ್ದಾಣಗಳಲ್ಲಿ ಪ್ರಕಟಣೆಗಳು ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಇರಬೇಕೆಂದು ಕೇಂದ್ರ ವಿಮಾನಯಾನ ಸಚಿವಾಲಯ 2018ರ ಡಿಸೆಂಬರಿನಲ್ಲೇ ಹೇಳಿದೆ. ಅದೇ ಮಾತು ನಿಷೇಧದ ಪಟ್ಟಿಗೂ ಅನ್ವಯವಾಗಬೇಕು. ಕಲಬುರಗಿ, ಹುಬ್ಬಳ್ಳಿ, ಬೆಳಗಾವಿ ನಿಲ್ದಾಣಗಳ ಬಾಗಿಲಲ್ಲಿ, ಚೀಲ ತೂಕ ಮಾಡುವ ಜಾಗಕ್ಕೂ ಮೊದಲು, ಕೊಬ್ಬರಿ, ಕರ್ಪೂರ, ಖಾರದ ಪುಡಿಯ ಚಿತ್ರ ಹಾಕಿ ಕನ್ನಡದಲ್ಲಿ ಒಂದು ಬೋರ್ಡು ನಿಲ್ಲಿಸಲು ಹೆಚ್ಚು ಖರ್ಚಿಲ್ಲ. ಟಿಕೆಟ್ಟಿನ ಜೊತೆ ಬರುವ ಮೆಸೇಜು ಕನ್ನಡದಲ್ಲಿ ಬಂದರೆ ಇನ್ನೂ ಮೇಲು. ವಿಜಯಪುರದ ನಿಲ್ದಾಣ ಬಾಗಿಲು ತೆರೆಯುವ ದಿನವೇ ಈ ಬೋರ್ಡು ಅಲ್ಲಿರಲಿ ಎಂದು ಈಗಲೇ ಕೇಳಬೇಕು.

ಸಾಮಾನ್ಯರಿಗೂ ವಿಮಾನ ಎಂದು ಉಡಾನ್ ಯೋಜನೆ ತಂದಿದ್ದಾರೆ. ಸಾಮಾನ್ಯರು ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಬುತ್ತಿ ಕಟ್ಟಿಕೊಂಡೇ ಬರುತ್ತಾರೆ. ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕೆಂದು ಮನೆಯಲ್ಲೇ ಗೊತ್ತಾಗಿದ್ದರೆ ಮೇಜಿನ ಮುಂದೆ ಯಾರೂ ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ.

ಚಿಗವ್ವ ಮುಂದಿನ ಸಲ ಉಂಡಿಯನ್ನು ಊರಲ್ಲೇ ಕಟ್ಟಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಕೊಂಡು ಬಂದಳು. ಡಬ್ಬಿ ಬಿಚ್ಚಿಸಿದರು, ನೋಡಿದರು, ಬಿಟ್ಟರು. "ಒಂದ್ ತಗೋರಿ ಸಾಹೇಬ್ರ" ಎಂದಳು. ಅವರು ನಕ್ಕು ತಲೆಯಾಡಿಸಿದರು.